ಕೊಂಡು ತಂದ ಇಂಜಿನ್ನನ್ನೂ ಬಿಚ್ಚಿಸಬೇಕಾಯಿತು

ಬೆಳಗಾವಿಯಲ್ಲಿ ನಾನು ಬಹಳ ವರ್ಷಗಳಿಂದ ಓಡಿಸುತ್ತಿರುವ ಮಾರುತಿ ಜಿಪ್ಸಿಯಲ್ಲಿ ಮೊದಲು ಇದ್ದದ್ದು 970 ಸಿಸಿ ಇಂಜಿನ್. ಚೋರ್ಲಾ ಘಾಟಿನ ಏರಿನಲ್ಲಿ ಅದು ನೀಲಿ ಹೊಗೆ ಬಿಡತೊಡಗಿ, 500 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುವ ಸ್ಥಿತಿಗೆ ಬಂದಾಗ, ಅದನ್ನೇ ಬೋರ್ ಮಾಡಿಸಬೇಕೋ (ಸವೆದ ಸಿಲಿಂಡರ್‌ಗಳನ್ನು ಕೊರೆಸಿ ಅಗಲಿಸಿ, ದೊಡ್ಡ ಪಿಸ್ಟನ್ ಹಾಕಿಸುವುದು) ಅಥವಾ ಅದರ ನಂತರದ ಮಾದರಿಯಾದ ಜಿಪ್ಸಿ ಕಿಂಗ್‌ನ 1298 ಸಿಸಿ ಹಳೆಯ ಇಂಜಿನ್ ಕೊಂಡು ಕೂರಿಸಬೇಕೋ ಎಂಬ ಪ್ರಶ್ನೆ ಎದುರಾಯಿತು.

ಅಷ್ಟೇ ಸಿಸಿಯ, ಮಾರುತಿ ಎಸ್ಟೀಮ್ ಕಾರಿನ ಇಂಜಿನ್ ಗುಜರಿಯಲ್ಲಿ ಬೇಗ ಸಿಗುತ್ತಿತ್ತು. ಆದರೆ ಎಸ್ಟೀಮ್‌ನಲ್ಲಿ ಇಂಜಿನ್ ಅಡ್ಡಲಾಗಿ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಆಯಿಲ್ ಸಂಪ್, ಸ್ಟ್ರೇನರ್, ಮೌಂಟಿಂಗ್‌ಗಳನ್ನೆಲ್ಲ ಬದಲಿಸಬೇಕಾಗುತ್ತಿತ್ತು. ಹಾಗಾಗಿ ಕಾದು, ಜಿಪ್ಸಿ ಕಿಂಗ್‌ನದ್ದೇ ಇಂಜಿನ್ನನ್ನು ಐದು ಗೇರಿನ ಗೇರ್‌ಬಾಕ್ಸ್ ಸಮೇತ ಕೊಂಡೆ. ಮಾರಿದವರು ಎರಡು ನಿಮಿಷ ಚಾಲೂ ಮಾಡಿ ತೋರಿಸಿದರು, ಸದ್ದು ಚೆನ್ನಾಗಿತ್ತು. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಎಷ್ಟಿದೆ ಎಂದು ನಾನು ನೋಡಬೇಕಿತ್ತು (ಒಳಗಿನ ಬೇರಿಂಗ್ ಸವೆದಿದ್ದರೆ ಅದು ಇಳಿದಿರುತ್ತದೆ), ನೋಡಲಿಲ್ಲ.

ಮನೆಗೆ ತಂದು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿದಾಗ ನಾಲ್ಕು ಸಿಲಿಂಡರ್‌ಗಳ ಪೈಕಿ ಮೂರರಲ್ಲಿ 160 ಪಿಎಸ್‌ಐ ಆಸುಪಾಸು ಬಂತು, ಮೂರನೆಯ ನಂಬರಿನ ಸಿಲಿಂಡರಿನಲ್ಲಿ ಮಾತ್ರ 115. ಅದರ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದರೆ ಮುಳ್ಳು 150ಕ್ಕೆ ಏರಿತು. ಆಯಿಲ್ ಮುಚ್ಚುವುದು ರಿಂಗಿನ ಸಂದನ್ನು; ದೋಷ ವಾಲ್ವಿನದಾಗಿದ್ದರೆ ಮುಳ್ಳು ಏರುತ್ತಿರಲಿಲ್ಲ. ಪಿಸ್ಟನ್ನಿನ ರಿಂಗ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿವೆ ಎಂಬುದು ಅಲ್ಲಿಗೆ ಖಚಿತವಾಯಿತು.

ಉದ್ಯಮಬಾಗದ ಮಷೀನ್ ಶಾಪಿನಲ್ಲಿ ಮಿಸ್ತ್ರಿ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಒಂದು ಕ್ಯಾಪ್ ಬಿಚ್ಚಿ, ಬೇರಿಂಗನ್ನು ನನ್ನ ಅಂಗೈಯಲ್ಲಿಟ್ಟರು. ಮೇಲಿನ ಬೂದು ಬಣ್ಣದ ಪದರ ಹೋಗಿ ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. "ಸರ್ರ, ಈ ಇಂಜಿನ್ ಎಣ್ಣಿ ಇಲ್ಲದ ಓಡೇತ್ರಿ" ಎಂದರು. ಮೂರನೆಯ ಬೋರಿನ ಮೇಲಂಚಿನಲ್ಲಿ ಬೆರಳಾಡಿಸಿದರೆ ಉಗುರು ತಡೆಯುವಷ್ಟು ಏಣು, ಕೆಳಗೆ ಉದ್ದನೆಯ ಗೀರು.

74 ಮಿಲಿಮೀಟರಿನ ಬೋರನ್ನು 0.25 ಹೆಚ್ಚಿಸಿದರೆ ಆ ಗೀರು ಹೋಗುವಂತಿರಲಿಲ್ಲ, ಆದ್ದರಿಂದ 0.50 ಓವರ್‌ಸೈಜ್‌ಗೆ ಹೋದೆವು. ಇಲ್ಲಿ ಮಿಸ್ತ್ರಿಯವರು ಹಟ ಹಿಡಿದದ್ದು ಒಂದು ಮಾತಿಗೆ: ಮೊದಲು ಪಿಸ್ಟನ್ ತಂದುಕೊಡಿ, ಆಮೇಲೆ ಬೋರ್. ಪ್ರತಿಯೊಂದು ಪಿಸ್ಟನ್ನನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದರದರ ಅಳತೆಗೆ ಅದರದರ ಬೋರನ್ನು ಹೋನ್ ಮಾಡಿ (ಕಲ್ಲಿನಿಂದ ಉಜ್ಜಿ), ಸಿಲಿಂಡರ್ ನಂಬರನ್ನು ಪಿಸ್ಟನ್ ಮೇಲೆ ಬರೆದರು. ಕ್ರ್ಯಾಂಕನ್ನು 0.25 ಗ್ರೈಂಡ್ ಮಾಡಿಸಿ ಅದಕ್ಕೆ ಹೊಂದುವ ಬೇರಿಂಗ್ ಹಾಕಿಸಿದೆ. ಆಯಿಲ್ ಪಂಪ್, ವಾಟರ್ ಪಂಪ್, ಟೈಮಿಂಗ್ ಬೆಲ್ಟ್, ವಾಲ್ವ್ ಸೀಲ್‌ಗಳೂ ಹೊಸವೇ. ಹೋನಿಂಗ್ ಆದ ಬ್ಲಾಕನ್ನು ಸೀಮೆಎಣ್ಣೆಯಿಂದ ಮಾತ್ರ ತೊಳೆದರೆ ಕಲ್ಲಿನ ಪುಡಿ ಹೋನಿಂಗ್‌ನ ಸಣ್ಣ ಗೀರುಗಳಲ್ಲೇ ಉಳಿದು ಹೊಸ ರಿಂಗನ್ನು ತಿನ್ನುತ್ತದೆ. ಬಿಸಿನೀರು, ಸೋಪು, ಬ್ರಷ್ ಹಿಡಿದು, ಬಿಳಿ ಬಟ್ಟೆಯಿಂದ ಒರೆಸಿದಾಗ ಕಪ್ಪು ಹತ್ತದಿರುವವರೆಗೆ ನಾನೇ ತೊಳೆದು, ತಕ್ಷಣ ಆಯಿಲ್ ಸವರಿದೆ.

ಇಂಜಿನ್ ಮತ್ತು ಗೇರ್‌ಬಾಕ್ಸ್‌ಗೆ 32,000 ರೂಪಾಯಿ ಕೊಟ್ಟಿದ್ದೆ, ಈ ಕೆಲಸಕ್ಕೆ ಮತ್ತೆ 41,000 ಹಿಡಿಯಿತು. ನನ್ನ ಹಳೆಯ ಇಂಜಿನ್ನನ್ನೇ ಕೆಲಸ ಮಾಡಿಸಿದ್ದರೆ ಮೊದಲ ಮೊತ್ತ ಪೂರ್ತಿ ಉಳಿಯುತ್ತಿತ್ತು, ಜೊತೆಗೆ ಅದು ಎಲ್ಲಿ ಓಡಿದೆ, ಯಾವಾಗ ಆಯಿಲ್ ಕಂಡಿದೆ ಎಂಬುದೆಲ್ಲ ನನಗೆ ಗೊತ್ತಿತ್ತು. ಇರುವ ಶಕ್ತಿ ಸಾಕೆನ್ನುವವರು, ಬ್ಲಾಕ್ ಸೀಳಿರದಿದ್ದರೆ, ತಮ್ಮದನ್ನೇ ಮಾಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಘಾಟಿಗೆ ದೊಡ್ಡ ಇಂಜಿನ್ನೇ ಬೇಕೆನ್ನುವವರು ಹಳೆಯದಕ್ಕೆ ಕೊಡುವ ಹಣವನ್ನು ಬರಿಯ ಬ್ಲಾಕ್ ಮತ್ತು ಹೆಡ್ಡಿನ ಬೆಲೆಯೆಂದು ತಿಳಿದು, ಬೋರ್ ಮತ್ತು ಕ್ರ್ಯಾಂಕ್ ಕೆಲಸದ ಹಣವನ್ನು ಕೊಳ್ಳುವ ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಮಾರಿದವರಿಂದ ಇಂಜಿನ್ ನಂಬರ್ ನಮೂದಿಸಿದ ಬಿಲ್ಲನ್ನು ಕೇಳಿ ಪಡೆದದ್ದು ಒಳ್ಳೆಯದಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಇಂಜಿನ್ ಬದಲಾವಣೆ ನೋಂದಣಿ ಪತ್ರದಲ್ಲಿ ದಾಖಲಾಗಬೇಕು. ಸಾರಿಗೆ ಕಚೇರಿಯಲ್ಲಿ ಮೊದಲು ವಿಚಾರಿಸಿಯೇ ನಾನು ಕೆಲಸಕ್ಕೆ ಕೈಹಾಕಿದ್ದೆ.

ಹೊಸ ರಿಂಗ್‌ಗಳು ಬೋರಿಗೆ ಹೊಂದಿಕೊಳ್ಳಲೆಂದು ಮೊದಲ 1,000 ಕಿಲೋಮೀಟರನ್ನು ಖಾನಾಪುರ, ಬೈಲಹೊಂಗಲದ ರಸ್ತೆಗಳಲ್ಲೇ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸದೆ ಮುಗಿಸಿ, ನಡುವೆ 500ಕ್ಕೆ ಆಯಿಲ್ ಬದಲಿಸಿದೆ. ಆಮೇಲೆ ಚೋರ್ಲಾ ಹತ್ತಿಳಿದು ಬಂದು, ಮರುದಿನ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಹೋಗುವಾಗ ಇದ್ದ ಗೆರೆಯಲ್ಲೇ ಇತ್ತು.