ಗ್ರೇಟ್ ಡೇನ್ ಸಾಕುವುದು ಹೇಗೆ? ಮೈ ಬೇಗ ಬೆಳೆಯುತ್ತದೆ, ಬುದ್ಧಿ ನಿಧಾನ

ಗ್ರೇಟ್ ಡೇನ್ ಗಂಡು ಮರಿ ಆರು ತಿಂಗಳಿಗೇ 40 ಕೆ.ಜಿ. ಆಸುಪಾಸಿಗೆ ಬಂದುಬಿಡುತ್ತದೆ. ಆದರೆ ಅದರ ಮೂಳೆ, ಕೀಲು ಬಲಿಯಲು ಒಂದೂವರೆಯಿಂದ ಎರಡು ವರ್ಷ ಬೇಕು. ಚೇಷ್ಟೆ ಬಿಟ್ಟು ದೊಡ್ಡ ನಾಯಿಯಂತೆ ನಡೆದುಕೊಳ್ಳಲು ಇನ್ನೂ ಜಾಸ್ತಿ ಸಮಯ ಹಿಡಿಯುತ್ತದೆ. ಈ ತಳಿಯನ್ನು ಸಾಕುವವರಿಗೆ ಎದುರಾಗುವ ಕಷ್ಟಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದಲೇ. ಹಾಗಾಗಿ ಕಲಿಸುವುದನ್ನು ಬೇಗ ಶುರು ಮಾಡಿ, ಬೆಳೆಸುವುದನ್ನು ನಿಧಾನವಾಗಿ ಮಾಡಿ.

ತರುವ ಮೊದಲು

ಬೆಳೆದ ಗಂಡು ನಾಯಿಯ ಎತ್ತರ ಭುಜದ ಹತ್ತಿರ 76ರಿಂದ 81 ಸೆಂ.ಮೀ., ಕೆಲವು ಅದಕ್ಕೂ ಹೆಚ್ಚು. ತೂಕ 63ರಿಂದ 79 ಕೆ.ಜಿ. ಹೆಣ್ಣು ಸ್ವಲ್ಪ ಚಿಕ್ಕದು. ಬಾಲ ಬೀಸಿದರೆ ಟೀಪಾಯಿ ಮೇಲಿನ ಲೋಟ ಉಳಿಯುವುದಿಲ್ಲ. ಊಟದ ಟೇಬಲ್ ಮೇಲಿನದ್ದು ಕಾಲೂರಿ ನಿಂತಲ್ಲೇ ಅದರ ಬಾಯಿಗೆ ಎಟುಕುತ್ತದೆ. ಜೊಲ್ಲು ಗೋಡೆಗೂ ಬಟ್ಟೆಗೂ ಹತ್ತುತ್ತದೆ.

ಇದಕ್ಕಿಂತ ಕಠಿಣವಾದ ಮಾತು ಇನ್ನೊಂದಿದೆ. ಈ ನಾಯಿಯ ಆಯಸ್ಸು ಸಾಮಾನ್ಯವಾಗಿ 7ರಿಂದ 10 ವರ್ಷ ಅಷ್ಟೇ. ಔಷಧಿಯ ಡೋಸ್ ತೂಕದ ಮೇಲೆ ನಿಂತಿರುವುದರಿಂದ ಚಿಕಿತ್ಸೆಯ ಖರ್ಚೂ ದೊಡ್ಡದೇ. ಮನೆಯವರೆಲ್ಲ ಕೂತು ಇದನ್ನು ಮಾತಾಡಿಕೊಂಡ ಮೇಲೆಯೇ ಮರಿ ನೋಡಲು ಹೋಗಿ. ಹೋದಾಗ ತಾಯಿ ನಾಯಿಯನ್ನು ಕಣ್ಣಾರೆ ನೋಡಿ, ಸಾಧ್ಯವಾದರೆ ತಂದೆಯನ್ನೂ. ಸೊಂಟದ ಕೀಲು ಮತ್ತು ಹೃದಯದ ತಪಾಸಣೆ ಆಗಿದೆಯಾ ಎಂದು ಕೇಳಿ. ಹೃದಯದ ಸ್ನಾಯು ಸೊರಗಿ ಹಿಗ್ಗುವ ಕಾಯಿಲೆ ಈ ತಳಿಯಲ್ಲಿ ಹೆಚ್ಚು. ವಂಶದಲ್ಲಿ ಯಾವ ನಾಯಿಗಾದರೂ ಹೊಟ್ಟೆ ತಿರುಚಿಕೊಂಡಿತ್ತಾ ಎಂದು ಕೇಳುವುದನ್ನು ಮರೆಯಬೇಡಿ.

ಸ್ವಭಾವ ತಿಳಿದುಕೊಳ್ಳಿ

ಜರ್ಮನಿಯಲ್ಲಿ ಕಾಡುಹಂದಿ ಬೇಟೆಗೆ ಸಾಕುತ್ತಿದ್ದ ನಾಯಿಗಳಿಂದ ಬಂದ ತಳಿ ಇದು. ಆಮೇಲೆ ಮನೆ, ತೋಟ ಕಾಯುವ ಕೆಲಸಕ್ಕೆ ಬಂತು. ಇಂದಿನ ಗ್ರೇಟ್ ಡೇನ್ ತುಂಬಾ ಸೌಮ್ಯ. ನಿಮ್ಮ ಪಕ್ಕಕ್ಕೆ ಬಂದು ಮೈಭಾರವನ್ನೆಲ್ಲ ನಿಮ್ಮ ತೊಡೆಯ ಮೇಲೆ ಹಾಕಿ ಒರಗಿ ನಿಲ್ಲುತ್ತದೆ. ಕಾಲು ಗಟ್ಟಿಯಾಗಿ ಊರದಿದ್ದರೆ ನೀವೇ ವಾಲುತ್ತೀರಿ. ಅದು ತೋರುವ ಪ್ರೀತಿ ಅದು.

ಇಷ್ಟು ಹಚ್ಚಿಕೊಳ್ಳುವ ನಾಯಿಯನ್ನು ಅಂಗಳದಲ್ಲಿ ಕಟ್ಟಿ ಹಾಕಬಾರದು. ಒಂಟಿಯಾದರೆ ಕೊರಗುತ್ತದೆ, ಸಿಕ್ಕಿದ್ದನ್ನು ಕಚ್ಚಿ ಹಾಳು ಮಾಡುತ್ತದೆ. ಗಿಡ್ಡ ಕೂದಲಿನಿಂದಾಗಿ ಚಳಿಯೂ ತಡೆಯುವುದಿಲ್ಲ. ಅದರ ಜಾಗ ಮನೆಯ ಒಳಗೆ. ದಪ್ಪ ಹಾಸಿಗೆ ಕೊಡಿ. ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ಮೊಣಕೈಯಲ್ಲಿ ನೀರು ತುಂಬಿದ ಗಂಟು ಬರುತ್ತದೆ.

ಮೊದಲ ತಿಂಗಳುಗಳ ಪಾಠ

ಎಂಟು ವಾರದ ಮರಿ ಮೈಮೇಲೆ ಹತ್ತಿದರೆ ಎಲ್ಲರಿಗೂ ಮುದ್ದು. ಅದೇ ಕೆಲಸವನ್ನು 60 ಕೆ.ಜಿ. ನಾಯಿ ಮಾಡಿದರೆ ಮನೆಯ ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಆದ್ದರಿಂದ ಮೊದಲ ದಿನದಿಂದಲೇ ಒಂದು ನಿಯಮ: ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುದ್ದು. ಹಾರಿದರೆ ಬಯ್ಯಬೇಡಿ. ಸುಮ್ನೆ ಬೆನ್ನು ತಿರುಗಿಸಿ ನಿಲ್ಲಿ. ಕಾಲು ನೆಲಕ್ಕೆ ಬಂದ ತಕ್ಷಣ ತಿರುಗಿ ತಲೆ ಸವರಿ. ಇದನ್ನು ಮನೆಯವರೆಲ್ಲ, ಬಂದ ನೆಂಟರೂ ಪಾಲಿಸಬೇಕು. ಒಬ್ಬರು ಬಿಟ್ಟರೂ ಪಾಠ ಕೆಟ್ಟಿತು.

ಲೀಷ್ ಎಳೆಯದೆ ನಡೆಯುವುದನ್ನು ಮರಿಯ ತೂಕ ನಿಮ್ಮ ಕೈಗೆ ಮೀರುವ ಮೊದಲೇ ಕಲಿಸಿ. ಪಂಜ ಮುಟ್ಟಿಸಿಕೊಳ್ಳುವುದು, ಬಾಯಿ ತೆರೆದು ತೋರಿಸುವುದು, ಉಗುರು ಕತ್ತರಿಸಿಕೊಳ್ಳುವುದು ಕೂಡ ಇದೇ ವಯಸ್ಸಿನ ಪಾಠ. ಮೂರರಿಂದ ಹದಿನಾಲ್ಕು ವಾರದ ನಡುವೆ ಬೇರೆ ಬೇರೆ ಜನ, ಮಕ್ಕಳು, ಸದ್ದು, ವಾಹನ ಎಲ್ಲವನ್ನೂ ಹೆದರಿಕೆಯಾಗದಂತೆ ಪರಿಚಯಿಸಿ. ಈ ತಳಿಗೆ ಗದರುವುದು, ಹೊಡೆಯುವುದು ಆಗಿಬರುವುದಿಲ್ಲ. ಮನಸ್ಸು ಮುದುಡಿಕೊಂಡು ಹೆದರುಪುಕ್ಕಲಾಗುತ್ತದೆ. ಹೆದರಿದ ದೊಡ್ಡ ನಾಯಿ ಅಪಾಯಕಾರಿ.

ಊಟ: ದಪ್ಪ ಮಾಡಲು ಹೋಗಬೇಡಿ

ಬೇಗ ದೊಡ್ಡದಾಗಲಿ ಎಂದು ಜಾಸ್ತಿ ತಿನ್ನಿಸುವುದು, ಮೂಳೆ ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಪುಡಿ ಬೆರೆಸುವುದು, ಎರಡೂ ಬೇಡ. ಎಳೆ ಮರಿಯ ದೇಹಕ್ಕೆ ಹೆಚ್ಚಾದ ಕ್ಯಾಲ್ಸಿಯಂ ಹೀರಿಕೊಳ್ಳುವುದನ್ನು ತಡೆಯಲು ಬರುವುದಿಲ್ಲ. ಮೂಳೆ ಸೊಟ್ಟಗಾಗುತ್ತದೆ, ಕೀಲು ಕೆಡುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ತಯಾರಿಸಿದ ಆಹಾರ ಕೊಡಿ. ನಾಲ್ಕೈದು ತಿಂಗಳವರೆಗೆ ದಿನಕ್ಕೆ ಮೂರು ಹೊತ್ತು, ಆಮೇಲೆ ಎರಡು ಹೊತ್ತು. ಪಕ್ಕೆಯ ಮೇಲೆ ಅಂಗೈ ಆಡಿಸಿ. ಒತ್ತದೆಯೇ ಪಕ್ಕೆಲುಬು ಕೈಗೆ ಸಿಗಬೇಕು. ಸಿಗದಿದ್ದರೆ ಊಟ ಕಡಿಮೆ ಮಾಡಿ.

ವ್ಯಾಯಾಮಕ್ಕೂ ಇದೇ ಮಾತು. ಒಂದೂವರೆ ವರ್ಷದವರೆಗೆ ಸೈಕಲ್ ಪಕ್ಕ ಓಡಿಸುವುದು, ಎತ್ತರದಿಂದ ಹಾರಿಸುವುದು, ಮೆಟ್ಟಿಲು ಹತ್ತಿಸಿ ಇಳಿಸುವುದು ಬೇಡ. ಹುಲ್ಲಿನ ಮೇಲೆ ಅದರ ಇಷ್ಟದಂತೆ ಆಡಲಿ. ಸುಸ್ತಾದಾಗ ಮಲಗಲಿ. ಬೆಳೆದ ಮೇಲೆ ದಿನಕ್ಕೆ ಒಂದು ಗಂಟೆಯಷ್ಟು ನಡಿಗೆ ಸಾಕು. ಸಂತಾನಹರಣ ಆಪರೇಷನ್ ಯಾವಾಗ ಎಂಬುದನ್ನು ವೆಟ್ ಜೊತೆ ಮಾತಾಡಿ. ದೊಡ್ಡ ತಳಿಗಳಲ್ಲಿ ಬೆಳವಣಿಗೆ ಮುಗಿಯುವವರೆಗೆ ಕಾಯುವುದು ಕೀಲಿಗೆ ಒಳ್ಳೆಯದು.

ಹೊಟ್ಟೆ ತಿರುಚುವಿಕೆ: ಇದನ್ನು ಮನೆಯವರೆಲ್ಲ ಓದಿ

ಗ್ರೇಟ್ ಡೇನ್‌ಗೆ ಎದೆಗೂಡು ಆಳ. ಜಠರದಲ್ಲಿ ಗಾಳಿ ತುಂಬಿ ಉಬ್ಬಿದಾಗ ಅದು ತಾನೇ ತಿರುಚಿಕೊಳ್ಳಬಹುದು. ಆಗ ಎರಡೂ ಬಾಯಿ ಮುಚ್ಚಿಹೋಗುತ್ತವೆ. ಗಾಳಿ ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ. ಉಬ್ಬಿದ ಜಠರ ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳವನ್ನು ಅದುಮುತ್ತದೆ. ಕೆಲವೇ ಗಂಟೆಗಳಲ್ಲಿ ನಾಯಿ ಸಾಯುತ್ತದೆ. ಈ ಅಪಾಯ ಅತಿ ಹೆಚ್ಚಿರುವ ತಳಿಗಳಲ್ಲಿ ಇದೂ ಒಂದು.

ಲಕ್ಷಣ ಹೀಗಿರುತ್ತದೆ. ನಾಯಿ ಕೂತಲ್ಲಿ ಕೂರುವುದಿಲ್ಲ, ಮಲಗಿ ಮತ್ತೆ ಏಳುತ್ತದೆ, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತದೆ. ಕತ್ತು ಚಾಚಿ ವಾಂತಿಗೆ ಒಕ್ಕರಿಸುತ್ತದೆ, ಬರುವುದು ಬರೀ ನೊರೆ, ಜೊಲ್ಲು. ಪಕ್ಕೆಲುಬಿನ ಹಿಂದೆ ಹೊಟ್ಟೆ ತಮಟೆಯಂತೆ ಬಿಗಿದಿರುತ್ತದೆ. ಆಮೇಲೆ ವಸಡು ಬಿಳಿಚಿಕೊಳ್ಳುತ್ತದೆ. ಇದರಲ್ಲಿ ಏನೂ ಬಾರದ ಒಕ್ಕರಿಕೆಯೊಂದೇ ಕಂಡರೂ ಹೊರಡಿ. ಗ್ಯಾಸ್ ಮಾತ್ರೆ, ಮನೆಮದ್ದು ಕೊಟ್ಟು ಬೆಳಗಿನವರೆಗೆ ನೋಡೋಣ ಎನ್ನಬೇಡಿ. ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ. ರಾತ್ರಿ ಆಪರೇಷನ್ ಮಾಡುವ ಆಸ್ಪತ್ರೆ ಯಾವುದು ಎಂದು ಮರಿ ತಂದ ವಾರವೇ ಹುಡುಕಿ, ನಂಬರ್ ಗೋಡೆಗೆ ಅಂಟಿಸಿ.

ತಡೆಯುವುದು ಹೇಗೆ? ಇಡೀ ದಿನದ ಊಟ ಒಂದೇ ಸಲ ಹಾಕಬೇಡಿ. ಗಬಗಬ ತಿನ್ನುವ ನಾಯಿಯಾದರೆ ಅಗಲವಾದ ತಟ್ಟೆಯಲ್ಲಿ ಹರಡಿ ಕೊಡಿ. ಊಟದ ಹಿಂದೆಮುಂದೆ ಒಂದು ಗಂಟೆ ಓಡಾಟ ಬೇಡ. ತಟ್ಟೆಯನ್ನು ಸ್ಟ್ಯಾಂಡ್ ಮೇಲೆ ಎತ್ತರಕ್ಕೆ ಇಟ್ಟರೆ ಒಳ್ಳೆಯದೆಂದು ತುಂಬಾ ಜನ ನಂಬಿದ್ದಾರೆ. ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರದ ತಟ್ಟೆಯಲ್ಲಿ ತಿನ್ನುವ ನಾಯಿಗಳಿಗೇ ಅಪಾಯ ಹೆಚ್ಚೆಂದು ಕಂಡುಬಂತು. ನೆಲದ ಮೇಲೇ ಇಡಿ.

ಗ್ಯಾಸ್ಟ್ರೋಪೆಕ್ಸಿ ಎಂಬ ಆಪರೇಷನ್ ಇದೆ. ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿದುಬಿಡುತ್ತಾರೆ. ಆಮೇಲೂ ಹೊಟ್ಟೆ ಉಬ್ಬಬಹುದು, ಆದರೆ ತಿರುಚಿಕೊಳ್ಳುವ ಸಾಧ್ಯತೆ ತೀರಾ ಕಡಿಮೆ. ಸಂತಾನಹರಣದ ಜೊತೆಗೇ ಮಾಡಿಸಬಹುದು. ಈ ತಳಿಗೆ ಇದನ್ನು ಮಾಡಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆರು ವರ್ಷ ದಾಟಿದ ಮೇಲೆ

ಈ ವಯಸ್ಸಿಗೆ ಗ್ರೇಟ್ ಡೇನ್ ಮುದಿ ನಾಯಿ. ಆರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸಿ, ಹೃದಯದ್ದನ್ನೂ ಸೇರಿಸಿ. ಕುಂಟು ಕಂಡರೆ ವಯಸ್ಸಾಯಿತು ಎಂದು ಬಿಡಬೇಡಿ. ಮೂಳೆ ಕ್ಯಾನ್ಸರ್ ದೊಡ್ಡ ತಳಿಗಳಲ್ಲಿ ಹೆಚ್ಚು, ಎಕ್ಸ್‌ರೇ ತೆಗೆಸಿ. ನುಣ್ಣನೆ ನೆಲವಿದ್ದರೆ ಅದು ಓಡಾಡುವ ದಾರಿಯುದ್ದಕ್ಕೂ ಜಾರದ ಮ್ಯಾಟ್ ಹಾಸಿ. ಹಿಂಗಾಲು ಸೋತಾಗ ಎಬ್ಬಿಸಲು ಬಾಲ ಹಿಡಿದು ಎಳೆಯಬೇಡಿ. ಉದ್ದನೆಯ ಟವೆಲ್ ಮಡಚಿ ಹಿಂಗಾಲುಗಳ ಮುಂದೆ, ಹೊಟ್ಟೆಯ ಅಡಿಯಿಂದ ತೂರಿಸಿ. ಎರಡು ತುದಿಯನ್ನೂ ಬೆನ್ನ ಮೇಲಕ್ಕೆ ತಂದು ಹಿಡಿದು ಮೆಲ್ಲಗೆ ಎತ್ತಿ. ಮುಂಗಾಲನ್ನು ಅದೇ ಊರಿಕೊಳ್ಳುತ್ತದೆ.