ಓಡುವ ವಾಹನದಿಂದ ಓಡುವ ಕಾರಿನ ಚಿತ್ರ ತೆಗೆಯುವ ಬಗೆ

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವ ಕಾರನ್ನೂ 1/2000 ಸೆಕೆಂಡಿನ ಷಟರ್ ವೇಗದಲ್ಲಿ (ಅಂದರೆ ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಷಟರ್ ಅಷ್ಟು ಹೊತ್ತು ಮಾತ್ರ ತೆರೆದಿರುವಂತೆ) ಸೆರೆಹಿಡಿದರೆ, ಚಿತ್ರದಲ್ಲಿ ಅದು ರಸ್ತೆಯ ಮೇಲೆ ನಿಲ್ಲಿಸಿಟ್ಟ ಕಾರಿನಂತೆ ಕಾಣುತ್ತದೆ. ಓಟದ ಅನುಭವ ಬರಬೇಕಾದರೆ ರಸ್ತೆ ಗೆರೆಗೆರೆಯಾಗಿ ಹರಿಯಬೇಕು, ಚಕ್ರದ ಕಡ್ಡಿಗಳು ಒಂದರಲ್ಲೊಂದು ಕರಗಬೇಕು, ಕಾರಿನ ಮೈ ಮಾತ್ರ ಸ್ಪಷ್ಟವಾಗಿ ಉಳಿಯಬೇಕು. ಎರಡು ವಾಹನಗಳು ಒಂದೇ ವೇಗದಲ್ಲಿ ಜೊತೆಯಾಗಿ ಸಾಗಿದಾಗ ಕ್ಯಾಮೆರಾದ ಪಾಲಿಗೆ ಕಾರು ನಿಂತಂತೆಯೇ ಇರುವುದರಿಂದ, ಷಟರನ್ನು ನಿಧಾನಗೊಳಿಸಿ ಈ ಪರಿಣಾಮವನ್ನು ಪಡೆಯಬಹುದು.

ಇದಕ್ಕೆ ಹೆಚ್ಚಿನ ವೇಗ ಬೇಕಿಲ್ಲ ಎಂಬುದನ್ನು ಒಂದು ಸಣ್ಣ ಲೆಕ್ಕವೇ ತೋರಿಸುತ್ತದೆ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. 1/30 ಸೆಕೆಂಡಿನಲ್ಲಿ ರಸ್ತೆ ಸುಮಾರು 33 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಸುತ್ತಳತೆ 2 ಮೀಟರಿನಷ್ಟಿರುವ ಚಕ್ರ ಅಷ್ಟರಲ್ಲಿ 60 ಡಿಗ್ರಿ ತಿರುಗಿರುತ್ತದೆ. ಐದು ಕಡ್ಡಿಗಳ ಅಲಾಯ್ ಚಕ್ರದಲ್ಲಿ ಎರಡು ಕಡ್ಡಿಗಳ ನಡುವಿನ ಅಂತರ 72 ಡಿಗ್ರಿಯಾದ್ದರಿಂದ, ಪ್ರತಿ ಕಡ್ಡಿಯೂ ಪಕ್ಕದ ಕಡ್ಡಿಯ ಜಾಗವನ್ನು ಬಹುಮಟ್ಟಿಗೆ ತಲುಪಿ ಚಕ್ರ ಸುತ್ತುತ್ತಿರುವುದು ಕಣ್ಣಿಗೆ ಕಟ್ಟುತ್ತದೆ. ಅದೇ ವೇಗದಲ್ಲಿ 1/500 ಸೆಕೆಂಡ್ ಇಟ್ಟರೆ ಚಕ್ರ ನಾಲ್ಕು ಡಿಗ್ರಿಯೂ ತಿರುಗುವುದಿಲ್ಲ. ಆದ್ದರಿಂದ ಗಂಟೆಗೆ 30ರಿಂದ 50 ಕಿಲೋಮೀಟರ್ ಧಾರಾಳವಾಗಿ ಸಾಕು. ಮೊದಲು 1/125ರಲ್ಲಿ ಕೆಲವು ಸ್ಪಷ್ಟ ಚಿತ್ರಗಳನ್ನು ಕೈಗೆ ತಂದುಕೊಂಡು, ಬಳಿಕ 1/60ಕ್ಕೂ 1/30ಕ್ಕೂ ಇಳಿಯುವುದು ಒಳ್ಳೆಯದು.

ಷಟರ್ ಪ್ರಯಾರಿಟಿ ಮೋಡ್ (ಷಟರ್ ವೇಗವನ್ನು ನೀವು ಆರಿಸಿ, ಅಪರ್ಚರನ್ನು ಕ್ಯಾಮೆರಾಕ್ಕೇ ಬಿಡುವ ವಿಧಾನ) ಮತ್ತು ಬೆಳಕಿಗೆ ಸೆನ್ಸರಿನ ಸ್ಪಂದನೆಯನ್ನು ಹೇಳುವ ಐಎಸ್‌ಒ 100 ಇರಲಿ. ಬೆಳಕು ಹೆಚ್ಚಾದರೆ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು, ಎಫ್/22ರವರೆಗೆ (ಈ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು) ಕಿರಿದಾಗಿಸುವ ಬದಲು ಪೋಲರೈಸರ್ ಫಿಲ್ಟರ್ ಹಾಕಿರಿ. ಅದು ಒಂದರಿಂದ ಎರಡು ಸ್ಟಾಪ್‌ಗಳಷ್ಟು ಬೆಳಕನ್ನು (ಪ್ರತಿ ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ತಗ್ಗಿಸುವುದಲ್ಲದೆ, ಮುಂಗಾಜಿನ ಮೇಲಿನ ಆಕಾಶದ ಪ್ರತಿಬಿಂಬವನ್ನೂ ಕಡಿಮೆ ಮಾಡುತ್ತದೆ. ತೀರಾ ಕಿರಿದಾದ ಅಪರ್ಚರಿನಲ್ಲಿ ಚಿತ್ರದ ತೀಕ್ಷ್ಣತೆ ಕುಗ್ಗುತ್ತದೆ, ಸೆನ್ಸರಿನ ಮೇಲಿನ ಧೂಳೂ ಎದ್ದು ಕಾಣುತ್ತದೆ.

ಲೆನ್ಸಿನ ಫೋಕಲ್ ಉದ್ದ (ದೂರದ್ದನ್ನು ಹತ್ತಿರ ತೋರಿಸುವ ಅಳತೆ) ಹೆಚ್ಚಾದಷ್ಟೂ ಕೈನಡುಕ ದೊಡ್ಡದಾಗಿ ಕಾಣುವುದರಿಂದ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35ರಿಂದ 70 ಮಿಲಿಮೀಟರ್ ನಡುವಿನ ಲೆನ್ಸ್ ಅನುಕೂಲಕರ. ಕೈನಡುಕವನ್ನು ಸರಿದೂಗಿಸುವ ಸ್ಟೆಬಿಲೈಸೇಷನ್ ಚಾಲೂ ಇರಲಿ; ಫೋಕಸ್ ಚಲಿಸುವ ವಸ್ತುವನ್ನು ಹಿಂಬಾಲಿಸುವ ನಿರಂತರ ಮೋಡಿನಲ್ಲಿದ್ದು, ಅದರ ಬಿಂದು ಹೆಡ್‌ಲೈಟ್ ಅಥವಾ ಮುಂಭಾಗದ ಲಾಂಛನದ ಮೇಲೆ ಕೂರಲಿ. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಆದರೆ ಮೊಣಕೈಯನ್ನು ಬಾಗಿಲ ಮೇಲೆ ಊರಬೇಡಿ. ಆಧಾರ ಸಿಕ್ಕಿತೆಂದು ಅನ್ನಿಸಿದರೂ ಎಂಜಿನ್ನಿನ ಮತ್ತು ರಸ್ತೆಯ ಕಂಪನ ಅದೇ ದಾರಿಯಲ್ಲಿ ನೇರವಾಗಿ ಕ್ಯಾಮೆರಾಕ್ಕೆ ಹತ್ತುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಸೊಂಟದ ಮೇಲಿನ ಭಾಗವನ್ನು ಸಡಿಲವಾಗಿಟ್ಟರೆ ದೇಹವೇ ಸ್ಪ್ರಿಂಗಿನಂತೆ ಆ ಕಂಪನವನ್ನು ನುಂಗಿಕೊಳ್ಳುತ್ತದೆ.

ಇಷ್ಟಾದರೂ ಚಿತ್ರದ ಗುಣಮಟ್ಟವನ್ನು ನಿರ್ಧರಿಸುವವರು ಹೆಚ್ಚಾಗಿ ಇಬ್ಬರು ಚಾಲಕರೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಕ್ಯಾಮೆರಾ ಇರುವ ವಾಹನ ಒಂದೇ ವೇಗವನ್ನು ಕಾಯ್ದುಕೊಳ್ಳಲಿ. ಪಕ್ಕದ ಪಥದಲ್ಲಿ ಸ್ವಲ್ಪ ಹಿಂದೆ ಬರುವ ಕಾರು ನಿಮ್ಮ ಸೂಚನೆಯಂತೆ ಅಂತರವನ್ನು ಹೊಂದಿಸಿಕೊಳ್ಳಲಿ. ಸೂಚನೆ ಕೊಡುವ ಕೆಲಸವನ್ನು ವಾಕಿಟಾಕಿ ಹಿಡಿದ ಮೂರನೆಯವರಿಗೆ ವಹಿಸಿ, ‘ಮುಂದೆ’, ‘ಹಿಂದೆ’, ‘ಹಾಗೇ ಇರಲಿ’ ಎಂಬ ಮೂರೇ ಮಾತುಗಳನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ನೇರವಾದ ರಸ್ತೆಯನ್ನೇ ಆರಿಸಿಕೊಳ್ಳಿ, ಏಕೆಂದರೆ ತಿರುವಿನಲ್ಲಿ ಕಾರು ಕ್ಯಾಮೆರಾದತ್ತ ತನ್ನ ಕೋನವನ್ನು ಬದಲಿಸುತ್ತಿರುವುದರಿಂದ ಮೂತಿ ಸ್ಪಷ್ಟವಾಗಿದ್ದರೂ ಹಿಂಭಾಗ ಕದಡಿರುತ್ತದೆ. ರಸ್ತೆಯಂಚಿಗೆ ಹತ್ತಿರವಾಗಿ ಮರಗಳೋ ಬೇಲಿಯೋ ಇದ್ದರೆ ಹಿನ್ನೆಲೆ ಚೆನ್ನಾಗಿ ಹರಿಯುತ್ತದೆ. ದೂರದ ಬೆಟ್ಟ ಅಲುಗಿದಂತೆಯೇ ಕಾಣುವುದಿಲ್ಲ.

ಎರಡು ವಾಹನಗಳು ಹೀಗೆ ಅಕ್ಕಪಕ್ಕ ಸಾಗುವುದು ಇತರ ಸಂಚಾರವಿರುವ ರಸ್ತೆಯಲ್ಲಿ ಅಪಾಯಕರವಾದ್ದರಿಂದ, ಅನುಮತಿ ಪಡೆದು ಮುಚ್ಚಿದ ರಸ್ತೆಯಲ್ಲೋ ಖಾಸಗಿ ಟ್ರ್ಯಾಕಿನಲ್ಲೋ ಮಾತ್ರ ಈ ಕೆಲಸ ಮಾಡಿ. ಸೀಟ್ ಬೆಲ್ಟ್ ಬಿಚ್ಚಬೇಡಿ, ಕಿಟಕಿಯಿಂದ ಮೈಯನ್ನು ಹೊರಚಾಚಬೇಡಿ, ತೆರೆದ ಡಿಕ್ಕಿಯಲ್ಲಿ ಕೂರಬೇಡಿ. ಕ್ಯಾಮೆರಾದ ಪಟ್ಟಿ ಕೈಗೋ ಕೊರಳಿಗೋ ಸುತ್ತಿರಲಿ. ಚಾಲಕರ ಕಣ್ಣು ರಸ್ತೆಯ ಮೇಲಿರಬೇಕು; ಕ್ಯಾಮೆರಾದ ಕಡೆ ನೋಡಿ ನಗಿರೆಂದು ಅವರನ್ನು ಎಂದೂ ಕೇಳಬಾರದು.

ಪ್ರತಿ ಸುತ್ತಿನಲ್ಲೂ ಸರಣಿಯಾಗಿ ಹತ್ತಿಪ್ಪತ್ತು ಚಿತ್ರಗಳನ್ನು ತೆಗೆದು, ವಾಹನ ನಿಂತ ಮೇಲೆ ನಂಬರ್ ಪ್ಲೇಟನ್ನು ದೊಡ್ಡದಾಗಿಸಿ ನೋಡಿ. ಅಕ್ಷರಗಳು ಮೇಲೆ ಕೆಳಗೆ ಎರಡೆರಡಾಗಿ ಕಂಡರೆ ಅದು ರಸ್ತೆಯ ಕುಲುಕಾಟ. ಇನ್ನೂ ನುಣುಪಾದ ಜಾಗವನ್ನು ಹುಡುಕಬೇಕು. ಅಡ್ಡಡ್ಡ ಎಳೆದಂತಿದ್ದರೆ ವಾಹನಗಳ ವೇಗ ಹೊಂದಿಲ್ಲವೆಂದು ತಿಳಿಯಬೇಕು. ಆಗ ಸೆಟ್ಟಿಂಗನ್ನು ಬದಲಿಸುವ ಮೊದಲು ಚಾಲಕರಿಬ್ಬರಿಗೂ ಆ ಚಿತ್ರವನ್ನು ತೋರಿಸಿ ಇನ್ನೊಂದು ಸುತ್ತು ಹೊರಡಿ.