ಕತ್ತಿನ ಎಂಆರ್‌ಐ ಬಂತಾ? ಮೊದಲು ಕೈ ನೋಡಿಕೊಳ್ಳಿ

ನಾನು ಸಾಗರದಲ್ಲಿ ಫಿಸಿಯೋಥೆರಪಿಸ್ಟ್. ಕತ್ತು ನೋವಿನವರು ಬರುವುದೇ ಎಂಆರ್‌ಐ ಕವರ್ ಹಿಡಿದುಕೊಂಡು. ‘ಸಿ5-ಸಿ6 ಹತ್ರ ಡಿಸ್ಕ್ ಉಬ್ಬಿದೆಯಂತೆ ಮೇಡಂ, ಆಪರೇಷನ್ ಆಗ್ಲೇಬೇಕಾ?’ ಸಿ5-ಸಿ6 ಅಂದರೆ ಕತ್ತಿನ ಐದನೇ, ಆರನೇ ಮೂಳೆ; ಡಿಸ್ಕ್ ಅಂದರೆ ಅವುಗಳ ನಡುವಿನ ಮೆತ್ತೆ. ನಾನು ಕವರ್ ಪಕ್ಕಕ್ಕಿಟ್ಟು, ‘ಅಂಗಿ ಗುಂಡಿ ಬಿಚ್ಚಿ ಮತ್ತೆ ಹಾಕಿ, ನೋಡೋಣ’ ಎನ್ನುತ್ತೇನೆ.

ಕಾರಣ ಇದೆ. ಜಪಾನಿನಲ್ಲಿ ಕತ್ತಿನ ತೊಂದರೆಯೇ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿ ನೋಡಿದರು. 2015ರಲ್ಲಿ ಬಂದ ಫಲಿತಾಂಶ: ಶೇ 87.6 ಮಂದಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಹಾಗೇ. ಹಾಗಾಗಿ ವರದಿಯಲ್ಲಿ ಬಲ್ಜ್, ಸವೆತ ಅಂತ ಕಂಡ ಮಾತ್ರಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಬೆನ್ನುಹುರಿ ಒತ್ತಿಸಿಕೊಂಡು ಕೆಲಸ ಕೆಡುತ್ತಿದೆಯಾ ಎನ್ನುವುದು ಮುಖ್ಯ. ಅದರ ಸುಳಿವು ಕೈಕಾಲಿನಲ್ಲೇ ಸಿಗುತ್ತದೆ.

ಹೀಗೆ ಮಾಡಿ. ಅಂಗೈ ಕೆಳಗೆ ಮಾಡಿ ಮುಷ್ಟಿ ಕಟ್ಟಿ, ಬೆರಳು ಪೂರ್ತಿ ಬಿಚ್ಚಿ. 10 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಣಿಸಿ. ಸಾಮಾನ್ಯವಾಗಿ 20 ಸಲ ಆಗಬೇಕು. ಆಮೇಲೆ ಬೆರಳು ಜೋಡಿಸಿ ಕೈ ಚಾಚಿ ಹಿಡಿಯಿರಿ. ಕಿರುಬೆರಳು ತಾನಾಗಿ ದೂರ ಸರಿಯುತ್ತಿದೆಯಾ? ಗೋಡೆ ಪಕ್ಕ ನಿಂತು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸುತ್ತ ನಾಲ್ಕು ಹೆಜ್ಜೆ ನಡೆಯಿರಿ, ವಾಲುತ್ತೀರಾ? ತಲೆ ಬಗ್ಗಿಸಿದರೆ ಬೆನ್ನಿನಲ್ಲಿ ಕರೆಂಟ್ ಹೊಡೆದಂತೆ ಆಗುತ್ತದಾ? ಮೂತ್ರ ತಡೆಯಲಾಗುತ್ತಿಲ್ಲವಾ? ಇವುಗಳಲ್ಲಿ ಯಾವುದೇ ಕಂಡರೂ ನ್ಯೂರೋಸರ್ಜನ್ ಅಥವಾ ಸ್ಪೈನ್ ಸರ್ಜನ್ ಹತ್ತಿರ ಬೇಗ ಹೋಗಿ. ಕತ್ತು ನೋಯದೇ ಇದ್ದರೂ ಹೋಗಿ.

ನೋವಿಲ್ಲ ಅಂತಲೇ ಎಷ್ಟೋ ಜನ ಕಾಯುತ್ತಾರೆ. ಅಡಿಕೆ ಸುಲಿಯುವ ಒಬ್ಬರು ನನ್ನ ಹತ್ತಿರ ಬಂದಿದ್ದು ಮೊಣಕಾಲಿಗೆ. ಮಾತಿನ ನಡುವೆ, ಮೆಟ್ಟುಕತ್ತಿ ಮೇಲೆ ಕೂತರೆ ಅಡಿಕೆ ಕೈಜಾರಿ ಬೀಳುತ್ತದೆ, ಚಪ್ಪಲಿ ಕಳಚಿದ್ದೂ ಗೊತ್ತಾಗಲ್ಲ ಅಂದರು. ಶಕ್ತಿ ಕಮ್ಮಿ ಅಂತ ಟಾನಿಕ್ ಕುಡಿಯುತ್ತಿದ್ದರು. ಬೆನ್ನುಹುರಿ ಒತ್ತಿದ್ದು ಕತ್ತಿನಲ್ಲಿ. ಇಂಥವರು ಕಟಿಂಗ್ ಶಾಪಿನಲ್ಲೋ ಮತ್ತೆಲ್ಲೋ ಕತ್ತಿನ ನೆಟಿಕೆ ಮುರಿಸಿಕೊಳ್ಳುವುದು ತುಂಬಾ ಅಪಾಯ. ದಯವಿಟ್ಟು ಬೇಡ.

ಬೆನ್ನುಹುರಿಯ ತೊಂದರೆಯನ್ನು 18 ಅಂಕಗಳ ಪಟ್ಟಿಯಲ್ಲಿ ಅಳೆಯುತ್ತಾರೆ; ಅಂಕ ಇಳಿದಷ್ಟೂ ತೊಂದರೆ ಜಾಸ್ತಿ. ನಿಮ್ಮ ಅಂಕ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ. 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ 14 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಆಪರೇಷನ್ ಸೂಕ್ತ. 15ರಿಂದ 17 ಇದ್ದರೆ ಆಪರೇಷನ್ ಮಾಡಿಸಬಹುದು, ಇಲ್ಲವೇ ವೈದ್ಯರ ನಿಗಾದಲ್ಲಿ ವ್ಯಾಯಾಮ ಮಾಡುತ್ತ ನೋಡಬಹುದು. ಆದರೆ ಅಂಕ ಇಳಿಯುತ್ತಿದ್ದರೆ ಮುಂದೂಡಬೇಡಿ.

ತೋಳಿಗೆ ಇಳಿಯುವ ನೋವು, ಬೆರಳಲ್ಲಿ ಜೋಮು ಮಾತ್ರ ಇದ್ದರೆ ಲೆಕ್ಕ ಬೇರೆ. ಅದು ನರದ ಬೇರು ಒತ್ತಿದ್ದು. ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳಲ್ಲಿ ಆಪರೇಷನ್ ಇಲ್ಲದೆ ಇಳಿಯುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಹೊಸದಾಗಿ ನೋವು ಶುರುವಾದ 205 ಜನರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕತ್ತಿಗೆ ಕಾಲರ್ ಪಟ್ಟಿ ಅಥವಾ ಫಿಸಿಯೋಥೆರಪಿ ಪಡೆದವರಿಗೆ ಮೊದಲ ಆರು ವಾರ ನೋವು ಬೇಗ ಇಳಿಯಿತು. ಆರು ತಿಂಗಳಿಗೆ ಏನೂ ಮಾಡದವರೂ ಅವರ ಸಮಕ್ಕೆ ಬಂದರು. ಅಲ್ಲಿ ಕಾಲರ್ ಹಾಕಿಸಿದ್ದು ಮೂರು ವಾರ, ಮುಂದಿನ ಮೂರು ವಾರದಲ್ಲಿ ಬಿಡಿಸಿದರು. ವರ್ಷಗಟ್ಟಲೆ ಹಾಕಿಕೊಂಡು ಓಡಾಡುವುದಕ್ಕೆ ಅರ್ಥವಿಲ್ಲ. ಆದರೆ ತೋಳಿನ ಬಲ ಕುಗ್ಗುತ್ತಿದ್ದರೆ ಕಾಯಬೇಡಿ.

ನಾನು ಮೊದಲು ಕಲಿಸುವ ವ್ಯಾಯಾಮ ಇದು. ಅಂಗಾತ ಮಲಗಿ. ತಲೆ ಎತ್ತದೆ, ‘ಹೂಂ’ ಅನ್ನುವಷ್ಟು ಮಾತ್ರ ಗದ್ದ ಒಳಗೆ ತನ್ನಿ. 10 ಸೆಕೆಂಡ್ ಹಿಡಿದು ಬಿಡಿ, 10 ಸಲ. ಬೆರಳಿನಿಂದ ಗಂಟಲ ಪಕ್ಕ ಮುಟ್ಟಿ ನೋಡಿ. ಅಲ್ಲಿನ ದಪ್ಪ ಸ್ನಾಯು ಬಿಗಿದರೆ ಜೋರಾಗಿ ಮಾಡುತ್ತಿದ್ದೀರಿ ಅಂತ. ತೋಳಿಗೆ ನೋವು ಜಾಸ್ತಿಯಾದರೆ ನಿಲ್ಲಿಸಿ.

ಆಪರೇಷನ್ ಅಂತ ತೀರ್ಮಾನವಾದರೆ, ಕತ್ತಿನ ಮುಂದಿನಿಂದಲೋ ಹಿಂದಿನಿಂದಲೋ, ಯಾಕೆ ಅಂತ ಕೇಳಿ. ಬೆನ್ನುಹುರಿ ಒತ್ತಿದ್ದ 163 ಜನರಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನ 2021ರಲ್ಲಿ ಬಂತು. ವರ್ಷದ ಕೊನೆಗೆ ಸುಧಾರಣೆ ಹೆಚ್ಚುಕಮ್ಮಿ ಒಂದೇ. ತೊಡಕು ಮಾತ್ರ ಮುಂದಿನಿಂದ ಮಾಡಿಸಿದವರಲ್ಲಿ ಶೇ 48, ಹಿಂದಿನಿಂದ ಮಾಡಿಸಿದವರಲ್ಲಿ ಶೇ 24. ಮುಂದಿನಿಂದ ಮಾಡಿದಾಗ ಜಾಸ್ತಿ ಕಾಡಿದ್ದು ನುಂಗುವ ತೊಂದರೆ. ಹಾಗಂತ ಎಲ್ಲರಿಗೂ ಎರಡೂ ಹೊಂದುವುದಿಲ್ಲ. ಎಲ್ಲಿ ಒತ್ತಿದೆ, ಕತ್ತಿನ ಬಾಗು ಹೇಗಿದೆ ಎನ್ನುವುದರ ಮೇಲೆ ನಿರ್ಧಾರ.

ಆಪರೇಷನ್‌ನಲ್ಲಿ ಡಿಸ್ಕ್ ತೆಗೆದು ಮೂಳೆ ಬೆಸೆದರೆ ಅಕ್ಕಪಕ್ಕದ ಡಿಸ್ಕ್‌ಗೆ ಮುಂದೆ ತೊಂದರೆ ಬರಬಹುದೆಂಬ ಚಿಂತೆಯಿಂದಲೂ ಕೃತಕ ಡಿಸ್ಕ್ ಬಂದಿದೆ. ಕತ್ತಿಗೆ ಹಾಕುವ ಕೃತಕ ಡಿಸ್ಕ್‌ಗೆ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಕತ್ತಿನ ಕೀಲು ತುಂಬಾ ಸವೆದವರಿಗೆ ಅದು ಆಗಿಬರುವುದಿಲ್ಲ. ರಿಲುಜೋಲ್ ಎಂಬ ಮಾತ್ರೆಯನ್ನು ಆಪರೇಷನ್ ಜೊತೆ ಕೊಟ್ಟು ನೋಡಿದ 300 ಜನರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ಆ 18 ಅಂಕಗಳ ಪಟ್ಟಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಸವೆದ ಡಿಸ್ಕ್ ಮತ್ತೆ ಬೆಳೆಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಸರ್ಜನ್ ಹತ್ತಿರ ಹೋಗುವಾಗ ಫಿಲ್ಮಿನ ಜೊತೆ ಒಂದು ಚೀಟಿಯೂ ಇರಲಿ. 10 ಸೆಕೆಂಡಿನ ಮುಷ್ಟಿಯ ಎಣಿಕೆ, ಎರಡೂ ಕೈಯದ್ದು, ತಾರೀಖಿನ ಸಮೇತ.